ಕಣ್ಣಿಗೆ ಒಳ್ಳೇದಂತೆ, ತಗೊಳ್ಳಿ

ಕಳೆದ ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಯಲಹಂಕದ ಚಿಕ್ಕಮ್ಮ ಫೋನ್ ಮಾಡಿದರು. "ನಿಮ್ಮಪ್ಪನಿಗೆ ಕೊಡಿಸ್ತಿದ್ದೆಯಲ್ಲ, ಆ ಹಣ್ಣಿನ ಮಾತ್ರೆ, ಕಣ್ಣಿಗೆ. ಅದರ ಹೆಸರೇನೇ? ನಿಮ್ಮ ಚಿಕ್ಕಪ್ಪ ಈಚೆಗೆ ಮಂಜು ಮಂಜು ಅಂತಿದ್ದಾರೆ." ನಾನು ಸೌಟು ಹಿಡಿದುಕೊಂಡೇ ಶುರು ಮಾಡಿದೆ. ಮೊದಲು ಕಣ್ಣು ತೋರಿಸಿ ಚಿಕ್ಕಮ್ಮ, ಆ ಮಾತ್ರೆ ಬೇಡ, ಅಪ್ಪನಿಗೆ ಏನಾಯ್ತು ಅಂದ್ರೆ... ಅಷ್ಟರಲ್ಲಿ ದೋಸೆ ಸೀದು ಹೋಯಿತು. ಚಿಕ್ಕಮ್ಮನೂ "ಹೆಸರು ಕೇಳಿದ್ರೆ ಪುರಾಣ ಹೇಳ್ತೀಯಲ್ಲೇ" ಅಂತ ಇಟ್ಟುಬಿಟ್ಟರು.

ಆ ಪುರಾಣವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಶುಗರ್ ಇರುವವರು ಇದ್ದರೆ ಸ್ವಲ್ಪ ಉದ್ದ ಆದರೂ ಓದಿ.

ಅಪ್ಪನಿಗೆ 68. ಬಿಟಿಎಸ್ ಅಂತ ಹೆಸರಿದ್ದ ಕಾಲದಿಂದ ಬಿಎಂಟಿಸಿ ಆಗಿ ಎಷ್ಟೋ ವರ್ಷಗಳವರೆಗೆ ಕಂಡಕ್ಟರ್ ಆಗಿದ್ದವರು. ಶುಗರ್ ಬಂದು 14 ವರ್ಷ. ಮಾತ್ರೆ ನುಂಗುತ್ತಾರೆ, ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತಾರೆ, ಹಬ್ಬಕ್ಕೆ ಒಬ್ಬಟ್ಟು ತಿಂದು ಮಾರನೇ ದಿನ ರಾಗಿ ಗಂಜಿ ಕುಡಿದು ಲೆಕ್ಕ ಸರಿ ಮಾಡಿದೆ ಅಂದುಕೊಳ್ಳುತ್ತಾರೆ. ನಿಮ್ಮ ಮನೆಯಲ್ಲೂ ಇದೇ ತಾನೇ?

ಹೋದ ವರ್ಷ ಜೂನ್ ಹೊತ್ತಿಗೆ ಪೇಪರ್ ಓದುವಾಗ ಅಕ್ಷರ ಮಸುಕು ಅಂತ ಶುರು ಮಾಡಿದರು. ಕನ್ನಡಕ ಒರೆಸಿದರು, ಟ್ಯೂಬ್‌ಲೈಟ್ ಬದಲಾಯಿಸಿದರು. ಪೊರೆ ಬರ್ತಾ ಇರಬೇಕು, ವಯಸ್ಸಾಯ್ತಲ್ಲ ಅಂತ ಅವರೇ ತೀರ್ಮಾನ ಮಾಡಿಕೊಂಡರು. ಅಮ್ಮ ನಂದಿಬಟ್ಟಲು ಹೂವು ತಂದು ರಾತ್ರಿ ಮುಚ್ಚಿದ ರೆಪ್ಪೆ ಮೇಲೆ ಇಡಲು ಶುರು ಮಾಡಿದರು. ವಾರಕ್ಕೆ ಎರಡು ಸಲ ಹೊನಗೊನೆ ಸೊಪ್ಪಿನ ಪಲ್ಯ. ನಾನು ಏನು ಮಾಡಿದೆ? ನಮ್ಮ ರಸ್ತೆಯ ಪರಿಚಯದವರೊಬ್ಬರು ಬ್ಯಾಗ್ ತುಂಬಾ ಡಬ್ಬಿ ಇಟ್ಟುಕೊಂಡು ಮನೆ ಮನೆಗೆ ಹೋಗಿ ಮಾರುತ್ತಾರೆ. "ಬಿಲ್‌ಬೆರಿ ಅಂತ, ಯೂರೋಪಿನ ಕಾಡಿನ ಹಣ್ಣು, ಶುಗರ್‌ನವರ ಕಣ್ಣಿಗೆ ತುಂಬಾ ಒಳ್ಳೇದಂತೆ, ಪೂರ್ತಿ ಹರ್ಬಲ್, ಸೈಡ್ ಎಫೆಕ್ಟೇ ಇಲ್ಲ" ಅಂದರು. 30 ಮಾತ್ರೆಗೆ 1,150 ರೂಪಾಯಿ. ನಾನು ಫೋನ್‌ಪೇ ಮಾಡಿದೆ. ಡಿಗ್ರಿ ಓದಿದ್ದೇನೆ, ಆಫೀಸಿನಲ್ಲಿ ಮೂರು ಕೊಟೇಶನ್ ನೋಡದೆ ಸ್ಟೇಪ್ಲರ್ ಕೂಡ ಕೊಳ್ಳುವುದಿಲ್ಲ. ಇದಕ್ಕೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಒಂದು ತಿಂಗಳಾದ ಮೇಲೆ ಅಪ್ಪ "ಪರವಾಗಿಲ್ಲಮ್ಮ, ಸ್ವಲ್ಪ ಕ್ಲಿಯರ್ ಆಗಿದೆ" ಅಂದರು. ನನಗೋ ಖುಷಿ. ಇನ್ನೊಂದು ಡಬ್ಬಿ. ಮತ್ತೊಂದು. ಹೀಗೆ ಒಂಬತ್ತು ತಿಂಗಳು.

ಆ ಕ್ಲಿಯರ್ ಎಲ್ಲಿಂದ ಬಂತು ಅನ್ನುವುದು ನನಗೆ ತಿಳಿದದ್ದು ತುಂಬಾ ತಡವಾಗಿ. ರಕ್ತದಲ್ಲಿ ಸಕ್ಕರೆ ಏರಿ ಇಳಿದಾಗ ಕಣ್ಣಿನೊಳಗಿನ ಮಸೂರವೂ ನೀರು ಹೀರಿ ಉಬ್ಬುತ್ತೆ, ಆಮೇಲೆ ಇಳಿಯುತ್ತೆ. ಅದಕ್ಕೆ ತಕ್ಕಂತೆ ಕನ್ನಡಕದ ನಂಬರೇ ಅತ್ತಿತ್ತ ಆಗುತ್ತೆ. ಡಬ್ಬಿ ಬಂದ ತಿಂಗಳಲ್ಲೇ ಅಪ್ಪ, ಇಷ್ಟು ದುಡ್ಡು ಕೊಟ್ಟಿದ್ದಾಳೆ ಮಗಳು ಅಂತ ಮರ್ಯಾದೆಗೆ, ಸಂಜೆಯ ಬೋಂಡಾ ಬಿಟ್ಟಿದ್ದರು. ಸಕ್ಕರೆ ಒಂಚೂರು ಇಳಿಯಿತು, ಮಸೂರ ಒಂಚೂರು ಸುಧಾರಿಸಿತು, ಹೆಸರು ಬಂದದ್ದು ಬಿಲ್‌ಬೆರಿಗೆ. ತೊಂದರೆ ಇದ್ದದ್ದು ಮಸೂರದಲ್ಲಲ್ಲ, ಅದರ ಹಿಂದೆ, ಕಣ್ಣಿನ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ. ಅದು ತನ್ನ ಪಾಡಿಗೆ ತಾನು ಹಾಳಾಗುತ್ತಲೇ ಇತ್ತು.

ಮಾರ್ಚ್‌ನಲ್ಲಿ ಎರಡು ವಿಷಯ ನಡೆದವು. ಒಂದು ದಿನ ಅಪ್ಪ ಹಾಲ್‌ನಲ್ಲಿ ಕೂತು "ಈ ಕಿಟಕಿ ಸರಳು ಡೊಂಕಾಗಿದೆ ನೋಡು, ಮೇಸ್ತ್ರಿ ಸರಿಯಾಗಿ ಕೂರಿಸೇ ಇಲ್ಲ" ಅಂತ ಬೈದರು. ಮನೆ ಕಟ್ಟಿ 26 ವರ್ಷ ಆಗಿದೆ. ಸರಳು ನೆಟ್ಟಗೇ ಇದೆ. ನಾವೆಲ್ಲ ನಕ್ಕೆವು, ಅಪ್ಪನೂ ನಕ್ಕರು. ಅದಾದ ವಾರಕ್ಕೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಬಸ್ಸು ತಿರುವಿನಲ್ಲಿರುವಾಗಲೇ ನಂಬರ್ ಹೇಳಿ, ಡ್ರೈವರ್ ಯಾವ ಡಿಪೋದವನು ಅಂತಲೂ ಊಹಿಸುತ್ತಿದ್ದ ಮನುಷ್ಯ, ಎದುರಿಗೇ ಬಂದು ನಿಂತ ಬಸ್ಸಿನ ಬೋರ್ಡ್ ನೋಡಿ ನನ್ನ ಕಡೆ ತಿರುಗಿ, ಪಕ್ಕದವರಿಗೆ ಕೇಳಿಸದ ಹಾಗೆ, "ಎಷ್ಟನೇ ನಂಬರಮ್ಮ ಇದು?" ಅಂದರು.

ಮಾರನೇ ದಿನವೇ ರಜಾ ಹಾಕಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಕಣ್ಣಿನ ಆಸ್ಪತ್ರೆಯಲ್ಲಿ ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿ ಕೂರಿಸುವ ಜಾಗ ನೋಡಿದ್ದೀರಾ? ಉದ್ದ ಬೆಂಚಿನ ಮೇಲೆ ಸಾಲಾಗಿ ಹಿರಿಯರು, ಎಲ್ಲರೂ ಕಣ್ಣು ಮುಚ್ಚಿ, ಕೆನ್ನೆ ಮೇಲೆ ಹತ್ತಿಯುಂಡೆ ಒತ್ತಿಕೊಂಡು, ಯಾವುದೋ ಮಠದಲ್ಲಿ ಧ್ಯಾನಕ್ಕೆ ಕೂತ ಹಾಗೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನರ್ಸ್ ಬಂದು "ಮೇಲೆ ನೋಡಿ ಅಜ್ಜಿ" ಅಂತ ಇನ್ನೊಂದು ಹನಿ. ಅಪ್ಪನ ಪಕ್ಕದಲ್ಲಿ ಮಾಗಡಿ ಕಡೆಯ ಯಜಮಾನರೊಬ್ಬರು ಕೂತಿದ್ದರು. ಅವರೂ ಕಣ್ಣು ಮುಚ್ಚಿಕೊಂಡೇ "ನಿಮಗೆಷ್ಟು ವರ್ಷದಿಂದ ಶುಗರ್?" ಅಂದರು. ಇವರು 14 ಅಂದರು. ಅವರು 9 ಅಂದರು. ಆಮೇಲೆ ಇಬ್ಬರೂ ಸುಮ್ಮನಾದರು.

ಡಾಕ್ಟರ್ ಕಂಪ್ಯೂಟರಿನಲ್ಲಿ ಕಣ್ಣಿನ ಪರದೆಯ ಫೋಟೋ ತೋರಿಸಿದರು. ಕಿತ್ತಳೆ ಬಣ್ಣದ ದುಂಡನೆಯ ತಟ್ಟೆ. ಅದರ ಮೇಲೆ ಅಲ್ಲಲ್ಲಿ ಸೂಜಿಮೊನೆ ಇಟ್ಟಂತೆ ಕೆಂಪು ಚುಕ್ಕೆ, ಕೆಲವು ಕಡೆ ಮಸಿ ಕಲೆಯ ಹಾಗೆ ಹರಡಿದ ಕೆಂಪು, ನಡುವಿಗೆ ಹತ್ತಿರದಲ್ಲಿ ಗಟ್ಟಿ ತುಪ್ಪದ ಕಾಳಿನ ಹಾಗೆ ಹಳದಿ ಹರಳುಗಳ ಗುಂಪು. ಹಳದಿ ಅಂದರೆ ರಕ್ತನಾಳದಿಂದ ಸೋರಿದ ಕೊಬ್ಬು, ಒಣಗಿ ಉಳಿದುಕೊಂಡದ್ದು. ಬಲಗಣ್ಣಿನಲ್ಲಿ ಪರದೆಯ ನಟ್ಟನಡುವಿನ ಭಾಗ ಊದಿತ್ತು. ನಾವು ಓದುವುದು, ಮುಖ ಗುರುತು ಹಿಡಿಯುವುದು ಎಲ್ಲ ಆ ಜಾಗದಿಂದ. ಸ್ಕ್ಯಾನ್‌ನಲ್ಲಿ ಅದರ ದಪ್ಪ 438 ಮೈಕ್ರಾನ್ ಬಂತು, ಇರಬೇಕಾದದ್ದು 250–300ರ ಆಸುಪಾಸು. ಸರಳು ಡೊಂಕಾಗಿ ಕಂಡದ್ದು ಅದಕ್ಕೇ. ಕ್ಯಾಮೆರಾದ ಫಿಲಂ ಮಡಚಿದರೆ ಫೋಟೋ ನೆಟ್ಟಗೆ ಬರುತ್ತಾ? ಪಾಪ, ಆ ಮೇಸ್ತ್ರಿ.

ನಾನು ಬ್ಯಾಗಿನಿಂದ ಡಬ್ಬಿ ತೆಗೆದು ಕೊಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ತಿರುಗಿಸಿ ಲೇಬಲ್ ಓದಿದರು. "ಇದು ವಿಷ ಏನಲ್ಲ. ಅದಿರಲಿ, ಯಜಮಾನ್ರೇ, ಡ್ರಾಪ್ಸ್ ಹಾಕಿ ಕಣ್ಣಿನ ಒಳಗೆ ಕೊನೆಯ ಸಲ ಯಾವಾಗ ನೋಡಿಸಿದ್ರಿ?"

ಅಪ್ಪ ನನ್ನ ಮುಖ ನೋಡಿದರು. ನಾನು ಲೆಕ್ಕ ಹಾಕಿದೆ. ನಾಲ್ಕು ವರ್ಷ.

"ಮಾತ್ರೆ ಶುರು ಮಾಡೋ ಬದಲು ಅವತ್ತೇ ಬಂದಿದ್ರೆ..." ಅಂತ ಡಾಕ್ಟರ್ ಅರ್ಧಕ್ಕೇ ನಿಲ್ಲಿಸಿದರು. ಇನ್ನರ್ಧ ನನಗೆ ಗೊತ್ತಾಯಿತು.

ಮನೆಗೆ ಬಂದು ನಾನು ಓದಲು ಕೂತೆ. ತಡವಾಗಿ ಓದುವುದು ನಮ್ಮ ಜಾಯಮಾನ. ಮೊದಲು ಕಾಯಿಲೆಯ ಬಗ್ಗೆ, ನನಗೆ ಅರ್ಥವಾದ ಭಾಷೆಯಲ್ಲಿ ಹೇಳುತ್ತೇನೆ, ಬೆಂಗಳೂರಿನವರಿಗೆ ಇದು ಬೇಗ ಹೊಳೆಯುತ್ತೆ. ಕಣ್ಣಿನ ಪರದೆಗೆ ರಕ್ತ ತರುವ ಕೊನೆಯ ಕೊಳವೆಗಳು ಕೂದಲಿಗಿಂತ ಎಷ್ಟೋ ಸಣ್ಣವು. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಅವುಗಳ ಗೋಡೆ ಹಾಳಾಗುತ್ತೆ. ಕೆಲವು ಕಡೆ ಉಬ್ಬುತ್ತೆ, ಕೆಲವು ಕಡೆ ಸೋರುತ್ತೆ, ಕೆಲವು ಕಡೆ ಪೂರ್ತಿ ಮುಚ್ಚಿಹೋಗುತ್ತೆ. ಮುಚ್ಚಿಹೋದ ಕಡೆಯ ಪರದೆಗೆ ಆಮ್ಲಜನಕ ಇಲ್ಲ. ಕಾವೇರಿ ನೀರು ಬಾರದ ಲೇಔಟಿನ ಜನ ಏನು ಮಾಡುತ್ತಾರೆ? ಮೊದಲು ಗಲಾಟೆ ಮಾಡುತ್ತಾರೆ, ಆಮೇಲೆ ರಾತ್ರೋರಾತ್ರಿ ತಾವೇ ಎಲ್ಲಿಂದಲೋ ಪೈಪ್ ಎಳೆದುಕೊಳ್ಳುತ್ತಾರೆ. ಕಣ್ಣೂ ಹಾಗೇ ಮಾಡುತ್ತೆ. ವಿಇಜಿಎಫ್ ಅನ್ನುವ ಒಂದು ಪ್ರೋಟೀನ್ ಬಿಟ್ಟು ಗಲಾಟೆ ಎಬ್ಬಿಸುತ್ತೆ, ಹೊಸ ರಕ್ತನಾಳ ಬೆಳೆಯುತ್ತೆ, ಆದರೆ ಎಲ್ಲ ಕಳಪೆ ಕಾಮಗಾರಿ. ಒಡೆದರೆ ಕಣ್ಣಿನೊಳಗೆಲ್ಲ ರಕ್ತ. ಇನ್ನೂ ಮುಂದುವರಿದರೆ ಪರದೆಯನ್ನೇ ಎಳೆದು ಕಿತ್ತುಬಿಡುತ್ತೆ. ಅಪ್ಪ ಆ ಹಂತಕ್ಕೆ ಹೋಗಿರಲಿಲ್ಲ, ಸೋರಿಕೆಯ ಹಂತದಲ್ಲಿದ್ದರು.

ಇದರಲ್ಲಿ ಮೋಸದ ಸಂಗತಿ ಏನು ಅಂದರೆ ಮೊದಮೊದಲು ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಕೆಂಪಾಗುವುದಿಲ್ಲ, ನೀರು ಬರುವುದಿಲ್ಲ. ಪರದೆಯ ಅಂಚಿನಲ್ಲೆಲ್ಲ ಚುಕ್ಕೆ ತುಂಬಿದ್ದರೂ ನೀವು ಬೋರ್ಡಿನ ಕೊನೆಯ ಸಾಲು ಸರಾಗ ಓದುತ್ತೀರಿ. ಅದಕ್ಕೇ ಕನ್ನಡಕದ ಅಂಗಡಿಯಲ್ಲಿ ನಂಬರ್ ಚೆಕ್ ಮಾಡಿಸಿದ್ದು ಲೆಕ್ಕಕ್ಕಿಲ್ಲ. ನಾವು ಪ್ರತಿ ವರ್ಷ ಮಾಡಿಸುತ್ತಿದ್ದದ್ದು ಅದೇ. ಕಣ್ಣು ತೋರಿಸಿದ್ದೇವೆ ಅಂತ ನಿಶ್ಚಿಂತೆಯಾಗಿದ್ದೆವು.

ಈಗ ಹಣ್ಣಿನ ಕಥೆಗೆ ಬರುತ್ತೇನೆ.

ಬಿಲ್‌ಬೆರಿ ನಿಜವಾದ ಹಣ್ಣೇ. ಉತ್ತರ ಯೂರೋಪಿನ ಕಾಡುಗಳಲ್ಲಿ ಮೊಣಕಾಲೆತ್ತರದ ಗಿಡದಲ್ಲಿ ಬಿಡುತ್ತೆ. ನಮ್ಮ ಸೂಪರ್ ಮಾರ್ಕೆಟ್‌ಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವ ಬ್ಲೂಬೆರಿಯ ಕಾಡು ದಾಯಾದಿ ಅನ್ನಿ. ಬ್ಲೂಬೆರಿ ಕತ್ತರಿಸಿದರೆ ಒಳಗೆ ಬಿಳಿ-ಹಸಿರು, ಬಿಲ್‌ಬೆರಿ ಒಳಗೂ ಕಡುನೇರಳೆ, ತಿಂದರೆ ಕೈ ಬಾಯಿ ಎಲ್ಲ ಬಣ್ಣ. ಆ ಬಣ್ಣವೇ ಅದರ ಬಂಡವಾಳ, ಅದಕ್ಕೆ ಆಂಥೋಸಯನಿನ್ ಅನ್ನುತ್ತಾರೆ. ಇದು ಕಣ್ಣಿಗೆ ಒಳ್ಳೆಯದು ಅನ್ನುವ ನಂಬಿಕೆಗೆ ಒಂದು ಯುದ್ಧದ ಕಥೆ ಬೇರೆ ಇದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳು ಬಿಲ್‌ಬೆರಿ ಜಾಮ್ ತಿಂದು ರಾತ್ರಿ ಹೊತ್ತು ಚೆನ್ನಾಗಿ ಗುರಿ ಇಡುತ್ತಿದ್ದರಂತೆ. ನಮ್ಮ ರಸ್ತೆಯವರೂ ಇದನ್ನು ಹೇಳಿದ್ದರು, ಡಬ್ಬಿ ಜೊತೆ ಕೊಟ್ಟ ಪಾಂಪ್ಲೆಟ್‌ನಲ್ಲೂ ಇತ್ತು. ಆದರೆ ಇದಕ್ಕೆ ಗಟ್ಟಿ ಆಧಾರ ಯಾವುದೂ ಇಲ್ಲ. ಅದೇ ಯುದ್ಧದಲ್ಲಿ ಕ್ಯಾರೆಟ್ ತಿಂದು ಪೈಲಟ್‌ಗಳ ಕಣ್ಣು ಚುರುಕಾಯಿತು ಅಂತ ಬ್ರಿಟನ್ ಪ್ರಚಾರ ಮಾಡಿತ್ತಲ್ಲ, ಜಾನ್ ಕನ್ನಿಂಗ್‌ಹ್ಯಾಮ್ ಅನ್ನುವ ಪೈಲಟ್‌ಗೆ 'ಕ್ಯಾಟ್ಸ್ ಐಸ್' ಅಂತ ಹೆಸರೇ ಬಿದ್ದಿತ್ತಲ್ಲ, ಅಲ್ಲಿ ನಿಜವಾಗಿ ಕೆಲಸ ಮಾಡಿದ್ದು ವಿಮಾನದಲ್ಲಿದ್ದ ರೇಡಾರ್. ಜಾಮ್ ಕಥೆಯನ್ನು ಪರೀಕ್ಷಿಸಿಯೂ ನೋಡಿದ್ದಾರೆ. 2000ನೇ ಇಸವಿಯಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನದಲ್ಲಿ ಚೆನ್ನಾಗಿ ಕಣ್ಣು ಕಾಣುವ 15 ಯುವಕರಿಗೆ ದಿನಕ್ಕೆ ಮೂರು ಸಲ 160 ಮಿಲಿಗ್ರಾಂನಂತೆ 21 ದಿನ ಬಿಲ್‌ಬೆರಿ ಕೊಟ್ಟರು. ರಾತ್ರಿ ದೃಷ್ಟಿಯಲ್ಲಿ ಏನೂ ವ್ಯತ್ಯಾಸ ಬರಲಿಲ್ಲ. 2004ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರೂ ಹೇಳಿದ್ದು ಅದನ್ನೇ. ಕಟ್ಟುನಿಟ್ಟಾಗಿ ಮಾಡಿದ ಪರೀಕ್ಷೆಗಳಲ್ಲಿ ಗುಣ ಕಾಣಲಿಲ್ಲ, ಸಡಿಲವಾಗಿ ಮಾಡಿದವುಗಳಲ್ಲಿ ಕಂಡಿತ್ತು.

ಸರಿ, ಅದು ರಾತ್ರಿ ದೃಷ್ಟಿ. ಶುಗರ್‌ನಿಂದ ಹಾಳಾದ ಪರದೆಗೆ? ಇಲ್ಲಿ ಪೂರ್ತಿ ಸೊನ್ನೆ ಅಂತ ಹೇಳಿದರೆ ನಾನೂ ಸುಳ್ಳು ಹೇಳಿದ ಹಾಗೆ. ಶುಗರ್ ಬರಿಸಿದ ಇಲಿಗಳಿಗೆ ಬಿಲ್‌ಬೆರಿ ಸಾರ ಕೊಟ್ಟು ನೋಡಿದಾಗ ರಕ್ತನಾಳದ ಸೋರಿಕೆ ಕಡಿಮೆಯಾಗಿದೆ. 1980ರ ದಶಕದಲ್ಲಿ ಯೂರೋಪಿನಲ್ಲಿ ಮನುಷ್ಯರ ಮೇಲೂ ಸಣ್ಣ ಅಧ್ಯಯನಗಳಾಗಿವೆ, 30–40 ಜನರ ಮೇಲೆ, ಒಂದರಲ್ಲಿ ದಿನಕ್ಕೆ ಎರಡು ಸಲ 160 ಮಿಲಿಗ್ರಾಂ, ಒಂದು ತಿಂಗಳು. ಕೆಲವರಲ್ಲಿ ಪರದೆ ಸುಧಾರಿಸಿತು ಅಂತ ಬರೆದಿದ್ದಾರೆ. ಆದರೆ 40 ಜನ, ಒಂದು ತಿಂಗಳು! ಹತ್ತು ಹದಿನೈದು ವರ್ಷ ಎಳೆಯುವ ಕಾಯಿಲೆಗೆ ಇದು ಸಾಕಾ? ಅದಾದ ಮೇಲೆ ನೂರಾರು ಜನರ ಮೇಲೆ, ವರ್ಷಗಟ್ಟಲೆ ನೋಡಿ, ಇದರಿಂದ ಕಣ್ಣು ಉಳಿಯಿತು ಅಂತ ತೋರಿಸಿದ ಅಧ್ಯಯನ ನನ್ನ ಕಣ್ಣಿಗೆ ಬಿದ್ದಿಲ್ಲ. ಇನ್ನು ನಮ್ಮ ಡಬ್ಬಿಯಲ್ಲಿದ್ದದ್ದು 80 ಮಿಲಿಗ್ರಾಂ, ದಿನಕ್ಕೊಂದು. ಅಂದರೆ ಆ ಸಣ್ಣ ಅಧ್ಯಯನದಲ್ಲಿ ಕೊಟ್ಟದ್ದರ ಕಾಲು ಭಾಗ. ಅದನ್ನೇ ಸತ್ಯ ಅಂದುಕೊಂಡರೂ ನಾವು ಕೊಡುತ್ತಿದ್ದದ್ದು ತೀರ್ಥದ ಅಳತೆಯಲ್ಲಿ.

ಡಬ್ಬಿಯೊಳಗೆ ಇದ್ದದ್ದು ಬಿಲ್‌ಬೆರಿಯೇನಾ ಅನ್ನುವುದು ಇನ್ನೊಂದು ಪ್ರಶ್ನೆ. ಈ ಹಣ್ಣಿನ ಸಾರ ದುಬಾರಿ, ಬಣ್ಣ ನೋಡಿ ಅಳೆಯುತ್ತಾರೆ, ಹಾಗಾಗಿ ಕಲಬೆರಕೆಗೆ ಹೇಳಿ ಮಾಡಿಸಿದ ವಸ್ತು. 2006ರಲ್ಲಿ ವಿಜ್ಞಾನಿಗಳು ಬಿಲ್‌ಬೆರಿ ಅಂತ ಮಾರಾಟಕ್ಕಿದ್ದ ಸಾರದಲ್ಲಿ ಅಮರಂತ್ ಅನ್ನುವ ಕೃತಕ ಕೆಂಪು ಬಣ್ಣ ಹಿಡಿದಿದ್ದರು. ನಮ್ಮ ಡಬ್ಬಿಯಲ್ಲೂ ಹಾಗೇ ಇತ್ತು ಅಂತ ನಾನು ಹೇಳುತ್ತಿಲ್ಲ. ಲ್ಯಾಬಿಗೆ ಕೊಟ್ಟು ನೋಡಿದವಳಲ್ಲ ನಾನು.

ಲೇಬಲ್ ಮಾತ್ರ ಈಗ ಪೂರ್ತಿ ಓದಿದ್ದೇನೆ. ಹಿಂಬದಿಯಲ್ಲಿ, ಅಪ್ಪನ ಕಣ್ಣಿಗಂತೂ ಯಾವತ್ತೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಇದನ್ನು ಔಷಧಿಯಾಗಿ ಬಳಸುವಂತಿಲ್ಲ ಅಂತ ಬರೆದಿದೆ. ಹಾಗೆ ಬರೆಯಲೇಬೇಕು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ, ಯಾಕಂದರೆ ಇವು ಔಷಧಿ ಅಲ್ಲ, ಆಹಾರದ ಲೆಕ್ಕದಲ್ಲಿ ಬರುತ್ತವೆ. ಡಯಾಬಿಟಿಸ್, ಕಣ್ಣಿನ ಪೊರೆ, ಗ್ಲಾಕೋಮಾ, ಕುರುಡುತನ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಅಂತ 1954ರಿಂದಲೇ ಕಾನೂನಿದೆ. ಆದರೆ ಗೇಟಿನ ಹತ್ತಿರ ನಿಂತು "ಒಳ್ಳೇದಂತೆ" ಅಂದರೆ ಯಾವ ಕಾನೂನು ಹಿಡಿಯುತ್ತೆ? ಆ 'ಅಂತೆ' ಇದೆಯಲ್ಲ, ಕನ್ನಡದಲ್ಲಿ ಅದಕ್ಕಿಂತ ಸೇಫಾದ ಪದ ಇನ್ನೊಂದಿಲ್ಲ. ಹೇಳಿದವರಿಗೆ ಜವಾಬ್ದಾರಿ ಇಲ್ಲ, ಕೇಳಿದವರಿಗೆ ಅನುಮಾನ ಇಲ್ಲ.

ಸೈಡ್ ಎಫೆಕ್ಟೇ ಇಲ್ಲ ಅನ್ನುವ ಮಾತಿಗೂ ಒಂದು ತಕರಾರು. ಹಣ್ಣನ್ನು ಹಣ್ಣಾಗಿ ತಿಂದರೆ ಏನೂ ಆಗುವುದಿಲ್ಲ. ಸಾರ ತೆಗೆದು ಜಾಸ್ತಿ ಪ್ರಮಾಣದಲ್ಲಿ ತಗೊಂಡರೆ, ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ರಕ್ತಸ್ರಾವದ ಅಪಾಯ ಹೆಚ್ಚಬಹುದು ಅಂತ ಎಚ್ಚರಿಸುತ್ತಾರೆ. ಶುಗರ್ ಮಾತ್ರೆ ಜೊತೆ ಸೇರಿ ಸಕ್ಕರೆ ಇನ್ನಷ್ಟು ಇಳಿಯುವ ಸಾಧ್ಯತೆಯನ್ನೂ ಹೇಳುತ್ತಾರೆ. ಅಪ್ಪ ಹಾರ್ಟಿಗೆ ಅಂತ ಆಸ್ಪಿರಿನ್ ತಗೊಳ್ಳುತ್ತಾರೆ. ನಾನು ಯಾರನ್ನಾದರೂ ಕೇಳಿದ್ದೆನಾ? ಇಲ್ಲ.

ಆಮೇಲೆ ನನಗೆ ನಗು ಬಂದ ವಿಷಯ. ಆ ಕಡುನೇರಳೆ ಬಣ್ಣಕ್ಕೆ ಯೂರೋಪಿನ ಕಾಡೇ ಬೇಕಾಗಿರಲಿಲ್ಲ. ಮೇ, ಜೂನ್‌ನಲ್ಲಿ ಗಾಂಧಿ ಬಜಾರಿನ ತಳ್ಳುಗಾಡಿಯಲ್ಲಿ ಗುಡ್ಡೆ ಹಾಕಿರುವ ನೇರಳೆ ಹಣ್ಣಿನ ಸಿಪ್ಪೆಯಲ್ಲೂ ಇದೇ ಜಾತಿಯ ಆಂಥೋಸಯನಿನ್ ಇದೆ. ರಾಮನಗರದ ಕಡೆ ರೇಷ್ಮೆಗೆ ಬೆಳೆಯುವ ಹಿಪ್ಪುನೇರಳೆಯ ಹಣ್ಣಿನಲ್ಲೂ ಇದೆ. ಹಾಗಂತ ನೇರಳೆ ತಿಂದರೆ ಕಣ್ಣು ವಾಸಿ ಅಂತ ನಾಳೆ ವಾಟ್ಸಾಪಿನಲ್ಲಿ ಬಿಡಬೇಡಿ, ಪ್ಲೀಸ್. ನೇರಳೆ ಗಿಡದ ಎಲೆ ಕಷಾಯ ಶುಗರ್ ಇಳಿಸುತ್ತಾ ಅಂತ ಬ್ರೆಜಿಲ್‌ನಲ್ಲಿ ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದರು. ಇಳಿಸಲಿಲ್ಲ. ನೇರಳೆ ಬೀಜದ ಪುಡಿಯನ್ನು ಮಾತ್ರೆ ಬದಲು ನುಂಗುವವರು ನಮ್ಮ ನೆಂಟರಲ್ಲೇ ಮೂವರಿದ್ದಾರೆ, ಅವರಿಗೂ ಇದನ್ನು ಹೇಳಿದ್ದೇನೆ, ಅವರು ನನ್ನ ಜೊತೆ ಈಗ ಅಷ್ಟಾಗಿ ಮಾತಾಡುವುದಿಲ್ಲ. ನೇರಳೆ ತಿನ್ನಿ, ಉಪ್ಪು ಹಚ್ಚಿ ತಿನ್ನಿ, ನಾಲಿಗೆ ಬಣ್ಣ ಮಾಡಿಕೊಳ್ಳಿ. ಹೊನಗೊನೆ ಸೊಪ್ಪೂ ತಿನ್ನಿ, ಅಮ್ಮನ ಪಲ್ಯ ಚೆನ್ನಾಗಿರುತ್ತೆ. ಅದು ಊಟ. ಊಟ ಊಟದ ಜಾಗದಲ್ಲಿರಲಿ.

ಹಾಗಾದರೆ ಏನು ಕೆಲಸ ಮಾಡುತ್ತೆ? ಬೋರು ಹೊಡೆಸುವಂಥವು. 1993ರಲ್ಲಿ ಅಮೆರಿಕದ ಡಿಸಿಸಿಟಿ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಟೈಪ್ 1 ಇರುವವರು ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟಾಗ ಕಣ್ಣಿನ ತೊಂದರೆ ಶುರುವಾಗುವ ಅಪಾಯ ಶೇ. 76ರಷ್ಟು ಕಡಿಮೆಯಾಗಿತ್ತು. 1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್, ಅಪ್ಪನ ಥರ ಟೈಪ್ 2 ಇರುವವರ ಮೇಲೆ. ಅದರಲ್ಲಿ ಬಿಪಿ ಹತೋಟಿಗೆ ತಂದದ್ದರಿಂದಲೇ ಪರದೆ ಹಾಳಾಗುವುದು ಶೇ. 34 ಕಡಿಮೆ. ಬಿಪಿ! ಕಣ್ಣಿಗೂ ಬಿಪಿಗೂ ಸಂಬಂಧ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಮೂರು ತಿಂಗಳ ಶುಗರ್ ಆವರೇಜ್ (ಎಚ್‌ಬಿಎ1ಸಿ) ಆಗ 9.2 ಇತ್ತು, ಬಿಪಿ 154, ಎರಡೂ ಜಾಸ್ತಿ. ಇದರ ಮೇಲೆ ಬಿಲ್‌ಬೆರಿ ಇಟ್ಟರೆ ಸೋರುವ ಸೂರಿನ ಕೆಳಗೆ ರಂಗೋಲಿ ಬಿಟ್ಟ ಹಾಗೆ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಫೆನೋಫೈಬ್ರೇಟ್ ಅಂತ ರಕ್ತದ ಕೊಬ್ಬು ಇಳಿಸುವ ಹಳೆಯ ಮಾತ್ರೆಯೊಂದಿದೆ. 2024ರಲ್ಲಿ ಸ್ಕಾಟ್ಲೆಂಡಿನಲ್ಲಿ 1,151 ಜನರ ಮೇಲೆ ಮಾಡಿದ 'ಲೆನ್ಸ್' ಅನ್ನುವ ಹೆಸರಿನ ಅಧ್ಯಯನದಲ್ಲಿ, ಆಗಲೇ ಸ್ವಲ್ಪ ಕಣ್ಣಿನ ತೊಂದರೆ ಇದ್ದವರಲ್ಲಿ, ಅದು ಮುಂದುವರಿಯುವ ಅಪಾಯವನ್ನು ಈ ಮಾತ್ರೆ ಶೇ. 27ರಷ್ಟು ತಗ್ಗಿಸಿತು. ಇದರ ಬಗ್ಗೆ ಯಾರಾದರೂ ನಿಮಗೆ ಫಾರ್ವರ್ಡ್ ಕಳಿಸಿದ್ದಾರಾ? ಕಾಡಿಲ್ಲ, ಪೈಲಟ್ ಇಲ್ಲ, ಹೆಸರು ಬೇರೆ ಬಾಯಲ್ಲಿ ತಿರುಗಲ್ಲ. ಯಾರು ಕಳಿಸುತ್ತಾರೆ? ಎಲ್ಲರಿಗೂ ಆಗುವ ಮಾತ್ರೆ ಅಲ್ಲ, ಕಿಡ್ನಿ ನೋಡಿ ಕೊಡಬೇಕು, ನೀವೇ ಮೆಡಿಕಲ್ ಶಾಪಿಗೆ ಹೋಗಬೇಡಿ. ಡಾಕ್ಟರ್ ಹತ್ತಿರ ಹೋದಾಗ ಒಂದು ಮಾತು ಕೇಳಿ, ಅಷ್ಟೇ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಹೆದರಿಕೆಯಲ್ಲಿ ಅಪ್ಪನ ಅನ್ನವನ್ನೇ ನಿಲ್ಲಿಸಿ ಹದಿನೈದು ದಿನದಲ್ಲಿ ಸಕ್ಕರೆ ಇಳಿಸಿಬಿಡೋಣ ಅಂತ ಹೊರಟಿದ್ದೆ. ಡಾಕ್ಟರ್ ತಡೆದರು. ವರ್ಷಗಟ್ಟಲೆ ಜಾಸ್ತಿ ಇದ್ದ ಸಕ್ಕರೆಯನ್ನು ಧಡಕ್ಕನೆ ಇಳಿಸಿದರೆ, ಕಣ್ಣಿನ ಪರದೆ ಆಗಲೇ ಹಾಳಾಗಿರುವವರಲ್ಲಿ ಕೆಲವು ತಿಂಗಳು ಅದು ಇನ್ನೂ ಕೆಡಬಹುದಂತೆ. (ನೋಡಿ, ನಾನೂ 'ಅಂತೆ' ಅಂದೆ. ಇದು ಮಾತ್ರ ಓದಿ ಖಾತ್ರಿ ಮಾಡಿಕೊಂಡದ್ದು, ಡಿಸಿಸಿಟಿಯಲ್ಲೇ ಇದನ್ನು ಕಂಡಿದ್ದಾರೆ.) ಇಳಿಸಬೇಕು, ನಿಧಾನಕ್ಕೆ, ಕಣ್ಣಿನ ಮೇಲೆ ನಿಗಾ ಇಟ್ಟು ಇಳಿಸಬೇಕು.

ಊತಕ್ಕೆ ಕಣ್ಣೊಳಗೆ ಇಂಜೆಕ್ಷನ್ ಅಂದರು. ಕಣ್ಣಿನೊಳಗೆ ಸೂಜಿ ಅಂದ ಕೂಡಲೇ ಅಮ್ಮ ಎದ್ದು ಹೊರಗೆ ಹೋದರು. ಈ ಔಷಧಿ ಆ ವಿಇಜಿಎಫ್ ಗಲಾಟೆಯನ್ನು ಸುಮ್ಮನಾಗಿಸುತ್ತೆ, ಸೋರಿಕೆ ನಿಲ್ಲುತ್ತೆ, ಊತ ಇಳಿಯುತ್ತೆ. ಮೂರ್ನಾಲ್ಕು ಬಗೆ ಇದೆ. ಬೆವಸಿಜುಮಾಬ್ ಅನ್ನುವುದು ಕರುಳಿನ ಕ್ಯಾನ್ಸರಿಗೆ ಅಂತ ಬಂದ ಔಷಧಿ, ಕಣ್ಣಿಗೂ ಬಳಸುತ್ತಾರೆ, ಅಗ್ಗ. ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್ ದುಬಾರಿ. ಹೊಸ ರಕ್ತನಾಳ ಬೆಳೆದಿರುವವರಿಗೆ ಲೇಸರ್ ಕೂಡ ಇದೆ. ಪರದೆಯ ಹೊರ ಅಂಚನ್ನು ಅಲ್ಲಲ್ಲಿ ಸುಟ್ಟು ನಡುಭಾಗ ಉಳಿಸುತ್ತಾರೆ. ಹೊರವಲಯದ ಲೇಔಟಿನ ನೀರಿನ ಬೇಡಿಕೆಯನ್ನೇ ಇಳಿಸಿ ಊರೊಳಗಿನ ನಲ್ಲಿ ಕಾಪಾಡಿದ ಹಾಗೆ.

ಅಪ್ಪನಿಗೆ ಮರಗಟ್ಟುವ ಹನಿ ಹಾಕಿ, ಕಂದು ಬಣ್ಣದ ಅಯೋಡಿನ್ ಬಿಟ್ಟು, ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಹಾಕಿ, ಕಪ್ಪುಗುಡ್ಡೆಯ ಪಕ್ಕದ ಬಿಳಿಯ ಭಾಗದಲ್ಲಿ ಚುಚ್ಚಿದರು. ಒಳಗೆ ಹೋಗಿ ಹೊರಗೆ ಬರಲು ಹತ್ತು ನಿಮಿಷ, ಚುಚ್ಚಿದ್ದು ಕೆಲವೇ ಸೆಕೆಂಡ್. ಹಸಿರು ಗೌನಿನಲ್ಲಿ ಹೊರಬಂದ ಅಪ್ಪನನ್ನು ನೋವಾಯ್ತಾ ಅಂದೆ. "ಇಲ್ಲ ಕಣಮ್ಮ. ಟಿಕೆಟ್‌ಗೆ ಪಂಚ್ ಹೊಡೆದ ಹಾಗಾಯ್ತು" ಅಂದರು. ಸಾವಿರಾರು ಟಿಕೆಟ್‌ಗೆ ಪಂಚ್ ಹೊಡೆದವರು, ಅವರಿಗೆ ಗೊತ್ತಿರುತ್ತೆ.

ತಿಂಗಳಿಗೊಂದರಂತೆ ಮೂರಾಗಿದೆ. 438 ಇದ್ದದ್ದು 312ಕ್ಕೆ ಬಂದಿದೆ. ಬೋರ್ಡಿನಲ್ಲಿ ಎರಡು ಸಾಲು ಹೆಚ್ಚು ಓದುತ್ತಾರೆ. ಸರಳು ಈಗಲೂ ಸ್ವಲ್ಪ ಡೊಂಕು. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ಡಾಕ್ಟರ್ ಹೇಳಿಲ್ಲ, ನಾನೂ ಕೇಳಿಲ್ಲ. ಒಂಬತ್ತು ಡಬ್ಬಿಗೆ ಕೊಟ್ಟದ್ದು 10,350 ರೂಪಾಯಿ. ದುಡ್ಡು ಹೋಗಲಿ ಬಿಡಿ. ಆ ಒಂಬತ್ತು ತಿಂಗಳು ನಾವು ಏನೋ ಮಾಡುತ್ತಿದ್ದೇವೆ ಅಂದುಕೊಂಡು ಆರಾಮಾಗಿ ಇದ್ದೆವಲ್ಲ, ಅದು ನನಗೆ ಇನ್ನೂ ಚುಚ್ಚುತ್ತೆ. ಡಬ್ಬಿ ಇಲ್ಲದೇ ಹೋಗಿದ್ದರೆ ಜುಲೈನಲ್ಲೇ ಹೆದರಿಕೊಂಡು ಆಸ್ಪತ್ರೆಗೆ ಹೋಗಿರುತ್ತಿದ್ದೆವು.

ದೇಶದಲ್ಲಿ ಶುಗರ್ ಇರುವವರು 10 ಕೋಟಿ ದಾಟಿದ್ದಾರೆ ಅಂತ 2023ರಲ್ಲಿ ಐಸಿಎಂಆರ್ ಅಧ್ಯಯನ ಹೇಳಿತು. 50 ದಾಟಿದ ಶುಗರ್‌ನವರಲ್ಲಿ ಶೇ. 16.9 ಜನರಿಗೆ ಪರದೆಯ ತೊಂದರೆ ಇದೆ ಅಂತ 2015–19ರ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ಸುಮಾರು ಆರು ಜನರಲ್ಲಿ ಒಬ್ಬರು. ಟೈಪ್ 2 ಅಂತ ಗೊತ್ತಾದ ದಿನವೇ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ ಡ್ರಾಪ್ಸ್ ಹಾಕಿಸಿ ನೋಡಿಸಬೇಕು. ದುಡ್ಡಿನ ಯೋಚನೆ ಇದ್ದರೆ ಕೆ.ಆರ್. ಮಾರ್ಕೆಟ್ ಹತ್ತಿರ ನಮ್ಮ ಮಿಂಟೋ ಇದೆ, ಸರ್ಕಾರಿ ಆಸ್ಪತ್ರೆ, ನೂರು ವರ್ಷಕ್ಕೂ ಹಳೆಯದು. ಕ್ಯೂ ಇರುತ್ತೆ, ಬೆಳಿಗ್ಗೆ ಬೇಗ ಹೋಗಿ. ಜೊತೆಗೆ ಒಬ್ಬರು ಇರಲಿ, ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಏನೂ ಸರಿಯಾಗಿ ಕಾಣಲ್ಲ, ಬಿಸಿಲಿಗೆ ಬಂದರೆ ಕಣ್ಣು ಬಿಡಲಾಗದು. ಗಾಡಿ ಓಡಿಸಬೇಡಿ. ಕಪ್ಪು ಕನ್ನಡಕ ಮರೀಬೇಡಿ.

ಇದನ್ನೇ ಚಿಕ್ಕಮ್ಮನಿಗೆ ಸಂಜೆ ಮತ್ತೆ ಫೋನ್ ಮಾಡಿ ಹೇಳಿದೆ, ಈ ಸಲ ಒಲೆ ಆಫ್ ಮಾಡಿ. ಕೊನೆಗೂ ಶುಕ್ರವಾರ ಹೋಗಿದ್ದಾರೆ. ಹನ್ನೊಂದು ಗಂಟೆಗೆ ಅಲ್ಲಿಂದಲೇ ಫೋನು. "ಡ್ರಾಪ್ಸ್ ಹಾಕಿ ಕೂರಿಸಿದ್ದಾರೆ ಕಣೇ. ನಿಮ್ಮ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ಕಾಫಿ ಕಾಫಿ ಅಂತಿದ್ದಾರೆ. ಇಲ್ಲಿ ಕ್ಯಾಂಟೀನ್‌ನಲ್ಲಿ ಸಕ್ಕರೆ ಹಾಕೇ ಇಟ್ಟಿರ್ತಾರಂತೆ. ಏನ್ ಮಾಡ್ಲಿ ಹೇಳು?"